ಓದುಗರ ಊಹೆ: ಗಟ್ಟಿ ಯಾವುದು, ಜೊಳ್ಳು ಯಾವುದು?

ಪ್ರಶ್ನೆ: ಕಲಬುರಗಿಯಲ್ಲಿ ಪದವಿ ಓದುತ್ತಿರುವ ನಾವು ಐದಾರು ಗೆಳೆಯರು ಇಂಗ್ಲಿಷಿನ ದೊಡ್ಡ ಫ್ಯಾಂಟಸಿ ಸರಣಿಗಳನ್ನು ಒಟ್ಟಿಗೆ ಓದುತ್ತೇವೆ. ಈ ಪಾತ್ರ ನಿಜವಾಗಿ ಯಾರ ಮಗ, ಆ ಮಂತ್ರಶಕ್ತಿಯ ಮೂಲ ಎಲ್ಲಿದೆ ಎಂದು ಒಬ್ಬೊಬ್ಬರೂ ಒಂದೊಂದು ಊಹೆ ಮುಂದಿಡುತ್ತಾರೆ. ಕೇಳುವಾಗ ಎಲ್ಲವೂ ಸರಿಯೆನಿಸುತ್ತವೆ. ಕಥೆ ಮುಗಿಯುವ ಮೊದಲೇ ಯಾವ ಊಹೆ ಗಟ್ಟಿ ಎಂದು ಗುರುತಿಸಲು ದಾರಿ ಇದೆಯೇ?

ಉತ್ತರ: ಇದೆ. ಯಾರಾದರೂ ಒಂದು ಊಹೆ ಹೇಳಿದಾಗ ಅದಕ್ಕೆ ಎಷ್ಟು ಸಾಕ್ಷ್ಯಗಳಿವೆ ಎಂದು ಎಣಿಸಲು ಹೋಗಬೇಡಿ. ಆ ಊಹೆಯನ್ನು ಬದಿಗಿಟ್ಟರೆ ಪುಸ್ತಕದಲ್ಲಿ ಈಗಾಗಲೇ ಅಚ್ಚಾಗಿರುವ ಯಾವ ಸಂಗತಿಗೆ ಕಾರಣವೇ ಇಲ್ಲದಂತಾಗುತ್ತದೆ ಎಂದು ಕೇಳಿ. ಅಂಥ ಸಂಗತಿ ಸಿಕ್ಕರೆ ಊಹೆಯಲ್ಲಿ ಕಾಳಿದೆ, ಸಿಗದಿದ್ದರೆ ಎಷ್ಟೇ ಚೆಂದವಿದ್ದರೂ ಅದು ತೂರಿದಾಗ ಹಾರಿಹೋಗುವ ಹೊಟ್ಟು. ತೊಗರಿ ರಾಶಿ ಮಾಡುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದಾಹರಣೆಗಳನ್ನು ಮಾತ್ರ ಬಿಡಿಸಿ ಹೇಳಲೇಬೇಕು, ಹಾಗೆ ಹೇಳುವಾಗ ಮೂರು ಸರಣಿಗಳ ಗುಟ್ಟು ರಟ್ಟಾಗುತ್ತದೆ. ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿದರೂ ನನಗೆ ಬೇಸರವಿಲ್ಲ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಮೊದಲ ಸಂಪುಟ 1996ರಲ್ಲಿ ಬಂದಿತು. ಅದರಲ್ಲಿ ಜಾನ್ ಸ್ನೋ ಎಂಬ ಹುಡುಗನನ್ನು ನೆಡ್ ಸ್ಟಾರ್ಕ್ ಎಂಬ ಸಾಮಂತನ ಅಕ್ರಮ ಸಂತಾನವೆಂದು ಲೋಕವೆಲ್ಲ ನಂಬಿದೆ. ತಾಯಿ ಯಾರೆಂಬುದನ್ನು ನೆಡ್ ತನ್ನ ಹೆಂಡತಿಗೂ ಹೇಳುವುದಿಲ್ಲ. ಅದೇ ಸಂಪುಟದಲ್ಲಿ, ಗಾಯಗೊಂಡು ಜ್ವರದಲ್ಲಿ ಮಲಗಿದ ನೆಡ್‌ಗೆ ಹಳೆಯ ಕಾಳಗವೊಂದು ಕನಸಿನಲ್ಲಿ ಕಾಣುತ್ತದೆ. ರಾಜ ಸತ್ತಿದ್ದಾನೆ, ಯುವರಾಜ ರೇಗರ್ ರಣರಂಗದಲ್ಲಿ ಮಡಿದಿದ್ದಾನೆ, ರಾಣಿ ಕಿರಿಯ ಮಗನನ್ನು ಕಟ್ಟಿಕೊಂಡು ದ್ವೀಪಕ್ಕೆ ಪಲಾಯನ ಮಾಡಿದ್ದಾಳೆ. ಆದರೂ ರಾಜನ ಅಂಗರಕ್ಷಕ ಪಡೆಯ ಮೂವರು ವೀರರು ಇವರಾರ ಬಳಿಯೂ ಇರದೆ, ದೂರದ ಕಣಿವೆಯ ಒಂಟಿ ಗೋಪುರವೊಂದನ್ನು ಕಾಯುತ್ತಾ ನಿಂತು, ನೆಡ್ ಕಡೆಯ ಏಳು ಮಂದಿಯೊಂದಿಗೆ ಹೋರಾಡಿ ಸಾಯುತ್ತಾರೆ. ನೆಡ್‌ನ ತಂಗಿ ಲಿಯಾನಾ ರಕ್ತದ ಹಾಸಿಗೆಯಲ್ಲಿ ಅಣ್ಣನಿಂದ ಭಾಷೆ ತೆಗೆದುಕೊಂಡು ಪ್ರಾಣ ಬಿಡುತ್ತಾಳೆ.

ಜಾನ್ ಸ್ನೋ ಲಿಯಾನಾ ಮತ್ತು ರೇಗರ್‌ಗೆ ಹುಟ್ಟಿದವನು ಎಂಬ ಓದುಗರ ಊಹೆಯನ್ನು ಇಲ್ಲಿಂದ ತೆಗೆದು ನೋಡಿ. ರಾಜವಂಶವನ್ನು ಕಾಯುವುದೇ ಕಸುಬಾಗಿರುವ ಆ ಮೂವರು ಆ ಗೋಪುರದ ಬಾಗಿಲಲ್ಲಿ ಏಕೆ ನಿಂತಿದ್ದರು ಎಂಬುದಕ್ಕೆ ಉತ್ತರವೇ ಸಿಗುವುದಿಲ್ಲ. ಊಹೆಯನ್ನು ಮರಳಿ ಇಟ್ಟ ಕೂಡಲೇ ಕಾವಲು, ರಕ್ತ, ಭಾಷೆ ಮೂರೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ. ಮಾರ್ಟಿನ್ ಅವರೂ ಈ ಪ್ರಶ್ನೆಯನ್ನೇ ಒರೆಗಲ್ಲಾಗಿ ಬಳಸಿದರು: ಕಥೆಯನ್ನು ಟಿವಿಗೆ ತರಲು ಬಂದ ಇಬ್ಬರನ್ನು ಅವರು ಜಾನ್‌ನ ತಾಯಿ ಯಾರೆಂದು ಕೇಳಿದ್ದರು. ಟಿವಿ ಸರಣಿ 2016ರಲ್ಲಿ ಈ ಊಹೆಯನ್ನು ನಿಜವಾಗಿಸಿತು. 2011ರವರೆಗೆ ಬಂದ ಐದು ಸಂಪುಟಗಳು ಅದನ್ನು ಬಾಯಿಬಿಟ್ಟು ಹೇಳಿಲ್ಲ, ಆದರೂ ಓದುಗರಿಗೆ ಅದರಲ್ಲಿ ಸಂದೇಹ ಉಳಿದಿರಲಿಲ್ಲ.

ಜೊಳ್ಳಿಗೊಂದು ಉದಾಹರಣೆ ಬೇಕಿದ್ದರೆ ಹ್ಯಾರಿ ಪಾಟರ್ ಓದುಗರಲ್ಲಿ ಒಂದು ಕಾಲಕ್ಕೆ ಹಬ್ಬಿದ್ದ ಊಹೆಯನ್ನು ನೋಡಬಹುದು. ಮಂತ್ರಶಾಲೆಯ ಮುಖ್ಯಸ್ಥ, ಮುದುಕ ಡಂಬಲ್‌ಡೋರ್ ಬೇರೆ ಯಾರೂ ಅಲ್ಲ, ಕಾಲದಲ್ಲಿ ಹಿಂದಕ್ಕೆ ಹೋದ ಹ್ಯಾರಿಯ ಗೆಳೆಯ, ಹುಡುಗ ರಾನ್ ಎಂಬುದು ಆ ಊಹೆ. ಇಬ್ಬರೂ ಎತ್ತರದವರು, ಇಬ್ಬರಿಗೂ ಉದ್ದ ಮೂಗು, ಇಬ್ಬರಿಗೂ ಸಿಹಿತಿಂಡಿಯ ಮೋಹ, ಒಬ್ಬನ ಮೊಣಕಾಲಿನ ಮೇಲೆ ಕಲೆ, ಇನ್ನೊಬ್ಬನ ಕಾಲು ಮೂರನೆಯ ಪುಸ್ತಕದಲ್ಲಿ ಮುರಿಯುತ್ತದೆ ಎಂದು ಪಟ್ಟಿ ಬೆಳೆಯುತ್ತದೆ. ಪಟ್ಟಿ ಉದ್ದವಿದೆ, ಆದರೆ ಅದರಲ್ಲಿ ಇರುವುದೆಲ್ಲ ಹೋಲಿಕೆ. ಈ ಊಹೆಯನ್ನು ತೆಗೆದರೆ ಕಥೆಯ ಒಂದು ಕಲ್ಲೂ ಅಲುಗುವುದಿಲ್ಲ, ಇಟ್ಟರೆ ಮಾತ್ರ ನೂರು ಹೊಸ ಪ್ರಶ್ನೆಗಳು ಏಳುತ್ತವೆ. ಏಳನೆಯ ಪುಸ್ತಕದಲ್ಲಿ ಡಂಬಲ್‌ಡೋರ್‌ನ ಬಾಲ್ಯ, ತಮ್ಮ, ಅಕಾಲದಲ್ಲಿ ಸತ್ತ ತಂಗಿ ಎಲ್ಲರೂ ಬಂದು ನಿಂತ ಮೇಲೆ ಆ ಮಾತು ಅಲ್ಲಿಗೇ ಮುಗಿಯಿತು. ಹೋಲಿಕೆ ಹುಡುಕುತ್ತಾ ಹೊರಟರೆ ಯಾರನ್ನು ಬೇಕಾದರೂ ಯಾರ ಮಗನನ್ನಾಗಿಯೂ ಮಾಡಬಹುದು. ನಮ್ಮ ಕಡೆಯ ಮದುವೆ ಮನೆಗಳಲ್ಲಿ ಹಿರಿಯರು ಕೂಸಿನ ಮೂಗು ನೋಡಿ ನಡೆಸುವ ಚರ್ಚೆಯಲ್ಲಿ ಇದಕ್ಕಿಂತ ಹೆಚ್ಚಿನ ಆಧಾರವಿರುತ್ತದೆ.

ಅದೇ ಸರಣಿಯ ಇನ್ನೊಂದು ಊಹೆಯ ಕಥೆಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. 2005ರಲ್ಲಿ ಬಂದ ಆರನೆಯ ಪುಸ್ತಕದ ಕೊನೆಯಲ್ಲಿ ಒಂದು ನಕಲಿ ಲಾಕೆಟ್ ಸಿಗುತ್ತದೆ, ಒಳಗಿನ ಚೀಟಿಯ ಕೆಳಗೆ ಆರ್.ಎ.ಬಿ. ಎಂಬ ಮೂರು ಅಕ್ಷರಗಳಷ್ಟೇ ಇರುತ್ತವೆ. ಅದು ಹ್ಯಾರಿಯ ಧರ್ಮಪಿತ ಸಿರಿಯಸ್ ಬ್ಲ್ಯಾಕ್‌ನ ಸತ್ತುಹೋದ ತಮ್ಮ ರೆಗ್ಯುಲಸ್ ಬ್ಲ್ಯಾಕ್‌ನ ಸಹಿ ಎಂದು ಓದುಗರು ಬೇಗನೆ ಊಹಿಸಿದರು. ನನ್ನ ಪರೀಕ್ಷೆಯಲ್ಲಿ ಈ ಊಹೆ ಗೆಲ್ಲುತ್ತದೆ, ಏಕೆಂದರೆ 2003ರ ಐದನೆಯ ಪುಸ್ತಕದಲ್ಲಿ ಬ್ಲ್ಯಾಕ್ ಮನೆತನದ ಹಳೆಯ ಮನೆಯನ್ನು ಗುಡಿಸಿ ಒರೆಸುವಾಗ ಯಾರಿಂದಲೂ ತೆರೆಯಲಾಗದ ಭಾರವಾದ ಲಾಕೆಟ್ ಒಂದು ಕೈಗೆ ಸಿಕ್ಕಿ, ಏನೂ ಆಗದೆ ಮರೆಯಾಗಿತ್ತು. ಕಾರಣವಿಲ್ಲದೆ ಬಂದು ಹೋದ ಆ ವಸ್ತುವಿಗೆ ಈ ಊಹೆ ಕಾರಣ ಒದಗಿಸಿತು. ಅಷ್ಟರಲ್ಲಿ ಅನುವಾದಗಳು ಬಂದವು. ಡಚ್ ಭಾಷೆಯಲ್ಲಿ ಬ್ಲ್ಯಾಕ್ ಮನೆತನದ ಹೆಸರನ್ನು ಜ್ವಾರ್ಟ್ಸ್ ಎಂದೂ, ನಾರ್ವೇಜಿಯನ್‌ನಲ್ಲಿ ಸ್ವಾರ್ಟ್ ಎಂದೂ, ಫಿನ್ನಿಶ್‌ನಲ್ಲಿ ಮುಸ್ತಾ ಎಂದೂ ಮಾಡಿದ್ದರು. ಆ ಅನುವಾದಗಳಲ್ಲಿ ಚೀಟಿಯ ಸಹಿಯ ಕೊನೆಯ ಅಕ್ಷರವೂ ಕ್ರಮವಾಗಿ ಜಡ್, ಎಸ್, ಎಮ್ ಎಂದು ಬದಲಾಗಿತ್ತು. 2007ರಲ್ಲಿ ಕೊನೆಯ ಪುಸ್ತಕ ಬರುವ ಮೊದಲೇ ಗುಟ್ಟು ಹೀಗೆ ಅನುವಾದದ ಬಾಗಿಲಿಂದ ಹೊರಬಿದ್ದಿತ್ತು.

ಅಪ್ಪನ ಕೆರೆಯ ದಂಡೆಯಲ್ಲಿ ಭಾನುವಾರ ಸೇರುವ ನಮ್ಮ ಓದುಗರ ಗುಂಪಿನಲ್ಲಿ ಇದನ್ನು ಹೇಳಿದಾಗ, ಕನ್ನಡದಲ್ಲಿ ಕಪ್ಪು, ಆಳಂದದ ಹುಡುಗಿಯ ಮರಾಠಿಯಲ್ಲಿ ಕಾಳೆ, ಸೇಡಂ ಹುಡುಗನ ತೆಲುಗಿನಲ್ಲಿ ನಲ್ಲ, ಇನ್ನೊಬ್ಬರ ಉರ್ದುವಿನಲ್ಲಿ ಸಿಯಾಹ್ ಎಂದು ಕೂತಲ್ಲೇ ನಾಲ್ಕು ಸಹಿಗಳು ಸಿದ್ಧವಾದವು. ನಾಲ್ಕು ಭಾಷೆ ಕಿವಿಗೆ ಬೀಳುವ ಊರಿನಲ್ಲಿ ಲೇಖಕರು ಗುಟ್ಟು ಕಾಯುವುದು ಕಷ್ಟ.

ಇಲ್ಲಿ ನಮ್ಮ ಕೇಳ್ಮೆಯ ಅಭ್ಯಾಸದ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಚಿಕ್ಕವನಿದ್ದಾಗ ಶ್ರಾವಣದ ಸಂಜೆಗಳಲ್ಲಿ ಮಠದ ಅಂಗಳದಲ್ಲಿ ಪುರಾಣ ಕೇಳಿ ಬರುತ್ತಿದ್ದ ಆಯಿ, ಮರುದಿನ ಏನಾಗಬಹುದೆಂದು ಓಣಿಯ ಹೆಂಗಸರೊಂದಿಗೆ ಕಟ್ಟೆಯ ಮೇಲೆ ವಾದಿಸುತ್ತಿದ್ದಳು. ಆದರೆ ಕರ್ಣ ಯಾರ ಮಗ ಎಂಬುದು ಅವರ ವಾದದ ವಿಷಯವಾಗಿರಲಿಲ್ಲ. ಅದನ್ನು ಮಹಾಭಾರತ ಆದಿಪರ್ವದಲ್ಲೇ ಕೇಳುಗರಿಗೆ ಹೇಳಿಬಿಡುತ್ತದೆ. ಕರ್ಣನಿಗೆ ತಿಳಿಯುವುದು ಉದ್ಯೋಗಪರ್ವದಲ್ಲಿ. “ಕರ್ಣಗ ಗೊತ್ತಾದ್ರ ಏನ್ ಮಾಡ್ತಾನ, ಅದು ಹೇಳ್ರಿ” ಎಂಬುದು ಆಯಿಯ ಪ್ರಶ್ನೆ. ಜನ್ಮರಹಸ್ಯವನ್ನು ಪಾತ್ರದಿಂದ ಮುಚ್ಚಿಟ್ಟು ಕೇಳುಗರಿಗೆ ಬಿಟ್ಟುಕೊಡುವ ಈ ಕ್ರಮಕ್ಕೂ, ಇಬ್ಬರಿಂದಲೂ ಮುಚ್ಚಿಡುವ ಇಂದಿನ ಫ್ಯಾಂಟಸಿಯ ಕ್ರಮಕ್ಕೂ ದೊಡ್ಡ ಅಂತರವಿದೆ. ಆದರೂ ಆಯಿಯ ಪ್ರಶ್ನೆಯನ್ನು ಹೊಸ ಸರಣಿಗಳಿಗೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಜಾನ್ ಸ್ನೋ ರಾಜವಂಶದವನೆಂದು ಊಹಿಸಿದವರು ಅಷ್ಟಕ್ಕೇ ತೃಪ್ತರಾದರೆ ಅರ್ಧ ಕೆಲಸವಾದಂತೆ. ಮದುವೆ, ಆಸ್ತಿ, ಪಟ್ಟ ಎಲ್ಲವನ್ನೂ ತೊರೆದು ಗಡಿಕಾಯುವ ಪಡೆಗೆ ಸೇರಿದವನಿಗೆ ಪಟ್ಟದ ಹಕ್ಕು ಇದೆಯೆಂದು ತಿಳಿದರೆ ಆ ತಿಳಿವು ಅವನನ್ನು ಏನು ಮಾಡುತ್ತದೆ ಎಂಬುದು ಉಳಿದರ್ಧ.

ಪಾತ್ರಗಳ ಮಾತು ಹೀಗಾದರೆ ಮಂತ್ರಶಕ್ತಿಯ ಮಾತು ಬೇರೆ. ಕಟ್ಟುಪಾಡು ಇರುವ ಮಾಯೆಯ ಬಗ್ಗೆ ಊಹೆ ಮಾಡಬಹುದು, ಕಟ್ಟುಪಾಡಿಲ್ಲದ ಮಾಯೆಯ ಬಗ್ಗೆ ಮಾಡುವ ಊಹೆ ಹೆಚ್ಚೆಂದರೆ ಹಾರೈಕೆಯಾದೀತು. ರಾಬರ್ಟ್ ಜಾರ್ಡನ್ ಅವರ ‘ದಿ ವ್ಹೀಲ್ ಆಫ್ ಟೈಮ್’ 1990ರಿಂದ 2013ರವರೆಗೆ ಹದಿನಾಲ್ಕು ಸಂಪುಟಗಳಲ್ಲಿ ಬಂದ ಸರಣಿ. ಅಲ್ಲಿ ಗಂಡಸರು ಬಳಸುವ ಶಕ್ತಿಯ ಪಾಲಿಗೆ ದುಷ್ಟನೊಬ್ಬನ ಕಿಲುಬು ಹತ್ತಿದೆ, ಬಳಸಿದವನಿಗೆ ಹುಚ್ಚು ಹಿಡಿಯುತ್ತದೆ. ಈ ಕಿಲುಬನ್ನು ತೊಳೆಯುವುದು ಹೇಗೆ ಎಂಬುದು ಓದುಗರನ್ನು ವರ್ಷಗಟ್ಟಲೆ ಕಾಡಿತು. ಉತ್ತರಕ್ಕೆ ಬೇಕಾದ ಸಾಮಗ್ರಿಯೆಲ್ಲ ಓದುಗರ ಕಣ್ಣೆದುರೇ ಇತ್ತು. ಮೊದಲ ಸಂಪುಟದಲ್ಲಿ ಶಾಡಾರ್ ಲೊಗೋತ್ ಎಂಬ ಹಾಳು ನಗರವಿದೆ, ಅದರ ಕೇಡು ದುಷ್ಟನ ಕೇಡಿಗಿಂತ ಬೇರೆಯದು, ಅದಕ್ಕೆ ವೈರಿಯಾದದ್ದು. 1996ರ ಏಳನೆಯ ಸಂಪುಟದಲ್ಲಿ ನಾಯಕ ರ‍್ಯಾಂಡ್‌ನ ಪಕ್ಕೆಯಲ್ಲಿದ್ದ ವಾಸಿಯಾಗದ ಹಳೆಯ ಗಾಯದ ಮೇಲೆಯೇ ಆ ನಗರದ ಕಠಾರಿಯ ಗಾಯವಾಗುತ್ತದೆ, ಎರಡು ಕೇಡುಗಳು ಅವನ ಮೈಯೊಳಗೆ ಒಂದರೊಡನೊಂದು ಸೆಣಸತೊಡಗುತ್ತವೆ. 2000ದ ಒಂಬತ್ತನೆಯ ಸಂಪುಟದಲ್ಲಿ ರ‍್ಯಾಂಡ್ ಆ ನಗರದ ಕೇಡನ್ನೇ ಬಳಸಿ ಕಿಲುಬನ್ನು ಹೀರಿ ತೆಗೆಯುತ್ತಾನೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವುದು ನಮಗೆಲ್ಲ ಗೊತ್ತಿರುವ ಉಪಾಯ; ಗಾಯದ ಪ್ರಸಂಗವನ್ನು ಓದುವಾಗ “ಈ ಎರಡು ಕೇಡುಗಳು ಜಗಳವಾಡುವುದನ್ನು ಲೇಖಕರು ಇಷ್ಟು ವಿವರವಾಗಿ ಏಕೆ ತೋರಿಸಿದರು” ಎಂದು ನಿಂತು ಕೇಳಿದವರಿಗೆ ಒಂಬತ್ತನೆಯ ಸಂಪುಟದ ಉಪಾಯ ಅನಿರೀಕ್ಷಿತವೆನಿಸುವುದಿಲ್ಲ.

ಈ ಸರಣಿಯ ಕೊನೆಯ ಮೂರು ಸಂಪುಟಗಳನ್ನು ಜಾರ್ಡನ್ ಅವರ ನಿಧನದ ನಂತರ ಪೂರ್ಣಗೊಳಿಸಿದ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಒಂದು ನಿಯಮವನ್ನು ಬರೆದಿಟ್ಟರು. ಕಥೆಯ ತೊಡಕನ್ನು ಮಾಯೆಯಿಂದ ಬಿಡಿಸುವ ಅಧಿಕಾರ, ಆ ಮಾಯೆ ಓದುಗರಿಗೆ ಎಷ್ಟು ಅರ್ಥವಾಗಿದೆಯೋ ಅಷ್ಟೇ ಲೇಖಕರಿಗೆ ದಕ್ಕುತ್ತದೆ ಎಂಬುದು ಅದರ ಸಾರ. ಇದನ್ನು ಓದುಗರ ಕಡೆಯಿಂದ ತಿರುಗಿಸಿ ನೋಡಿದರೆ, ಮಾಯೆಯ ಕಟ್ಟುಪಾಡು ಎಷ್ಟು ತಿಳಿದಿದೆಯೋ ಅಷ್ಟೇ ದೂರ ಊಹೆ ನಡೆಯಬಲ್ಲದು. ಮಾರ್ಟಿನ್ ಮಾಯೆಯನ್ನು ಬೇಕೆಂದೇ ಮಬ್ಬಿನಲ್ಲಿಟ್ಟವರು. ಆದ್ದರಿಂದ ಅವರ ಸರಣಿಯಲ್ಲಿ ವಂಶಾವಳಿಯ ಊಹೆಗಳಿಗೆ ಕಿವಿಗೊಡುತ್ತೇನೆ, ಮಂತ್ರದ ಊಹೆಗಳನ್ನು ನಕ್ಕು ಬಿಡುತ್ತೇನೆ.

ಇದೆಲ್ಲ ಹೊಸತೆಂದು ಭಾವಿಸಬೇಕಾಗಿಲ್ಲ. ಕಲಬುರಗಿ, ಬೀದರದಲ್ಲಿ ಉರ್ದು ಬಲ್ಲ ಹಿರಿಯರಿಗೆ ತಿಲಿಸ್ಮ್, ಅಂದರೆ ಮಂತ್ರದಿಂದ ಕಟ್ಟಿದ ಮಾಯಾಲೋಕ, ಎಂಬ ಮಾತು ಗೊತ್ತೇ ಇರುತ್ತದೆ. ಲಖನೌದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಸಂಪುಟ ಸಂಪುಟವಾಗಿ ಪ್ರಕಟಿಸಿದ ‘ತಿಲಿಸ್ಮ್-ಎ-ಹೋಶ್‌ರುಬಾ’ದ ಮಾಯಾನಗರವನ್ನು ಒಡೆಯಲು ಲೌಹ್ ಎಂಬ ಫಲಕ ಬೇಕು, ಒಡೆಯುವವನು ಕಥೆಯ ವೀರ ಹಂಜಾನ ಮೊಮ್ಮಗ ಅಸದ್ ಎಂಬುದೂ ಮೊದಲೇ ನಿಶ್ಚಯವಾಗಿದೆ. ಏನಾಗುತ್ತದೆ ಎಂಬುದು ತಿಳಿದೇ ಇರುವಾಗ, ಫಲಕ ಯಾರ ಕೈಗೆ ಹೇಗೆ ಬರುತ್ತದೆ ಎಂಬ ಕುತೂಹಲವೊಂದೇ ಆ ಸಾವಿರಾರು ಪುಟಗಳನ್ನು ಎಳೆದೊಯ್ಯುತ್ತದೆ.

ಒಂದು ಎಚ್ಚರಿಕೆಯ ಮಾತು ಉಳಿದಿದೆ. ಸರಿಯಾದ ಊಹೆಯೆಲ್ಲ ಮಹತ್ವದ ಊಹೆಯೂ ಆಗಬೇಕೆಂದಿಲ್ಲ. ಜಾರ್ಡನ್ ಅವರ 1993ರ ಐದನೆಯ ಸಂಪುಟದ ಕೊನೆಯಲ್ಲಿ ಆಸ್ಮೋಡಿಯನ್ ಎಂಬ ಪಾತ್ರ ದ್ರಾಕ್ಷಾರಸ ಹುಡುಕುತ್ತಾ ಸಣ್ಣ ಬಾಗಿಲೊಂದನ್ನು ತೆರೆಯುತ್ತದೆ, ಎದುರಿಗಿದ್ದವರನ್ನು ಗುರುತು ಹಿಡಿದು ಬೆಚ್ಚುತ್ತದೆ, ಸಾಯುತ್ತದೆ. ಕೊಂದವರು ಯಾರು ಎಂದು ಓದುಗರು ಹದಿನೇಳು ವರ್ಷ ವಾದಿಸಿದರು. ಲೇಖಕರು ಉತ್ತರ ಹೇಳದೆ 2007ರಲ್ಲಿ ತೀರಿಕೊಂಡರು. ಕಡೆಗೆ ಉತ್ತರ ಬಂದದ್ದು 2010ರ ಹದಿಮೂರನೆಯ ಸಂಪುಟದ ಹಿಂಬದಿಯ ಪದಕೋಶದಲ್ಲಿ, ಗ್ರೆಂಡಾಲ್ ಎಂಬ ಹೆಸರಿನ ವಿವರಣೆಯ ನಡುವೆ; ಕೊಂದವಳು ಅವಳೇ. ಕಥೆಯೊಳಗೆ ಜಾಗ ಸಿಗದಷ್ಟು ಚಿಕ್ಕ ಸಂಗತಿ ಅದಾಗಿತ್ತು.

ನಮ್ಮ ಗುಂಪಿನ ಆಳಂದದ ಹುಡುಗಿ ಹಳೆಯ ಲಗ್ನಪತ್ರಿಕೆಗಳನ್ನು ಕಡ್ಡಿಯಗಲ ಕತ್ತರಿಸಿ ಪುಸ್ತಕದ ಪುಟಗಳ ನಡುವೆ ಇಡುತ್ತಾಳೆ. ಅರಿಸಿನ ಬಣ್ಣದ್ದು ಪಾತ್ರಕ್ಕೆ, ಕೆಂಪು ಮಂತ್ರಕ್ಕೆ. ಕಾರಣ ತಿಳಿಯದ ಸಂಗತಿ ಎದುರಾದ ಪುಟಕ್ಕೆ ಮಾತ್ರ ಚೀಟಿ ಬೀಳಬೇಕು ಎಂಬುದು ಅವಳೇ ಮಾಡಿಕೊಂಡ ಕಟ್ಟಳೆ. ಯಾರಾದರೂ ಹೊಸ ಊಹೆ ಹೇಳಿದರೆ ಅವಳು ವಾದಕ್ಕೆ ಇಳಿಯುವುದಿಲ್ಲ. ಪುಸ್ತಕವನ್ನು ಮುಂದೆ ಸರಿಸಿ, ಈ ಊಹೆಯಿಂದ ಯಾವ ಚೀಟಿಯನ್ನು ತೆಗೆಯಲಿ ಎಂದು ಕೇಳುತ್ತಾಳೆ. ನಿಮ್ಮ ಗೆಳೆಯರನ್ನೂ ಹಾಗೆಯೇ ಕೇಳಿ ನೋಡಿ.