ಜಾಮೀನಿಗೆ ಒಂದು ಸಹಿ

ಸಾಲ ವಸೂಲಿಯ ದಾವೆಗಳಲ್ಲಿ ನಮ್ಮಂಥ ವಕೀಲರ ಬಳಿ ಬರುವವರಲ್ಲಿ ಸಾಲ ಮಾಡಿದವರಿಗಿಂತ ಹೆಚ್ಚು ಕಂಗಾಲಾಗಿರುವವರು ಜಾಮೀನು ಹಾಕಿದವರು. ಸಾಲಗಾರನಿಗೆ ತಾನು ಹಣ ತೆಗೆದುಕೊಂಡದ್ದೂ ಗೊತ್ತು, ಅದು ಹೋದ ದಾರಿಯೂ ಗೊತ್ತು. ಜಾಮೀನುದಾರನಿಗೆ ಸಿಕ್ಕಿದ್ದು ಸಹಿ ಹಾಕಿದ ದಿನ ಬ್ಯಾಂಕಿನ ಎದುರಿನ ಹೋಟೆಲಿನಲ್ಲಿ ಒಂದು ಲೋಟ ಕಾಫಿ. ನೋಟಿಸನ್ನು ಮೇಜಿನ ಮೇಲಿಟ್ಟು ಅವರೆಲ್ಲ ಕೇಳುವ ಪ್ರಶ್ನೆ ಒಂದೇ: "ಸಾಲ ತೆಗೆದುಕೊಂಡವನು ಊರಿನಲ್ಲೇ ಇದ್ದಾನೆ, ಅವನ ಹೆಸರಿನಲ್ಲಿ ಸೈಟೂ ಇದೆ. ಮೊದಲು ಅವನಿಂದ ವಸೂಲಿ ಮಾಡಿ, ಆಗದಿದ್ದರೆ ತಾನೇ ನನ್ನ ಹತ್ತಿರ ಬರಬೇಕು?"

ಹಾಗೇನೂ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅಸಲು, ಬಡ್ಡಿ, ಖರ್ಚು ಎಲ್ಲವೂ ಸೇರಿ. ಕಂತು ತಪ್ಪಿ ಸಾಲ ಬಾಕಿಯಾಯಿತೆಂದರೆ ಬ್ಯಾಂಕು ಸಾಲಗಾರನ ಮೇಲೆ ಹೋಗಬಹುದು, ನಿಮ್ಮ ಮೇಲೆ ಹೋಗಬಹುದು, ಇಬ್ಬರನ್ನೂ ಒಂದೇ ದಾವೆಯಲ್ಲಿ ಪ್ರತಿವಾದಿಗಳನ್ನಾಗಿ ಮಾಡಬಹುದು. ಆಯ್ಕೆ ಬ್ಯಾಂಕಿನದು, ನಿಮ್ಮದಲ್ಲ. ಮೊದಲು ಸಾಲಗಾರನ ಮೇಲಿನ ದಾರಿಗಳೆಲ್ಲ ಮುಗಿಯಲಿ, ಆಮೇಲೆ ಜಾಮೀನುದಾರನ ಕಡೆ ಹೋಗಿ ಎಂದು ಬಿಹಾರದ ಕೆಳ ನ್ಯಾಯಾಲಯವೊಂದು ಡಿಕ್ರಿಗೆ, ಅಂದರೆ ದಾವೆಯ ಅಂತಿಮ ಆದೇಶಕ್ಕೆ, ಷರತ್ತು ಹಾಕಿತ್ತು. 1960ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಸಾಲಗಾರ ಕೊಡದಿದ್ದಾಗ ಕೈಗೆ ಸಿಗಲಿ ಎಂದೇ ಜಾಮೀನು ಪಡೆಯುವುದು. ಕಾಯಿರಿ ಎಂದರೆ ಜಾಮೀನು ಪಡೆದು ಏನು ಪ್ರಯೋಜನ ಎನ್ನುವುದು ಆ ತೀರ್ಪಿನ ತಿರುಳು. ಅರ್ಧ ಶತಮಾನ ಕಳೆದರೂ ಓದಿದವರು ಕೂಡ ಇದನ್ನು ನಂಬಲು ತಯಾರಿಲ್ಲ. ಇನ್ನೊಬ್ಬ ವಕೀಲರನ್ನು ಕೇಳಿ ನೋಡುತ್ತೇನೆ ಎಂದು ಎದ್ದು ಹೋಗುತ್ತಾರೆ. ಕೇಳಲಿ, ಅವರೂ ಇದನ್ನೇ ಹೇಳುತ್ತಾರೆ.

ಇದರ ಜೊತೆಗೇ ಬರುವ ಮತ್ತೊಂದು ಭ್ರಮೆ: "ಜಾಮೀನು ಹಾಕಿದವರು ಇಬ್ಬರಿದ್ದೇವೆ, ನನ್ನದು ಅರ್ಧ ತಾನೇ?" ನಿಮ್ಮಿಬ್ಬರ ನಡುವೆ ಹೌದು. ಒಬ್ಬರೇ ಎಲ್ಲ ಕಟ್ಟಿದರೆ ಇನ್ನೊಬ್ಬರಿಂದ ಅವರ ಪಾಲು ಕೇಳುವ ಹಕ್ಕಿದೆ. ಬ್ಯಾಂಕಿಗೆ ಮಾತ್ರ, ಸಾಮಾನ್ಯವಾಗಿ ಸಹಿ ಹಾಕಿಸುವ ಪತ್ರಗಳ ಪ್ರಕಾರ, ಪ್ರತಿಯೊಬ್ಬರೂ ಪೂರ್ತಿ ಹೊಣೆ. ನಿಮ್ಮ ಪತ್ರದಲ್ಲಿ ಏನಿದೆ ಎಂದು ಓದದೆ ನಾನು ಖಚಿತವಾಗಿ ಹೇಳಲಾರೆ. ಹಾಗೆಂದು ಪತ್ರ ಕೇಳಿದರೆ ಹತ್ತರಲ್ಲಿ ಒಂಬತ್ತು ಜನರ ಬಳಿ ಪ್ರತಿಯೇ ಇರುವುದಿಲ್ಲ.

ಪ್ರೌಢಶಾಲೆಯ ಮೇಷ್ಟ್ರೊಬ್ಬರು ಬಂದಿದ್ದರು. ಹೆಂಡತಿಯ ತಮ್ಮ ಬಟ್ಟೆ ಅಂಗಡಿ ಇಡಲು ಪತ್ತಿನ ಸಂಘವೊಂದರಲ್ಲಿ ಸಾಲ ಮಾಡಿದಾಗ ಇವರು ಜಾಮೀನು. ಅಂಗಡಿ ಬಸ್ ನಿಲ್ದಾಣದಿಂದ ದೂರದ ಅಡ್ಡರಸ್ತೆಯಲ್ಲಿತ್ತು, ಎರಡು ದೀಪಾವಳಿ ಕಾಣುವಷ್ಟರಲ್ಲಿ ಮುಚ್ಚಿತು. ಸಾಲ ಪತ್ರದ ಜೊತೆಗೇ ಸಂಬಳದಿಂದ ಹಣ ಮುರಿದುಕೊಳ್ಳಲು ಒಪ್ಪಿಗೆ ಪತ್ರಕ್ಕೂ ಸಹಿ ಮಾಡಿದ್ದರು. ಅದು ಅವರಿಗೆ ನೆನಪೇ ಇರಲಿಲ್ಲ. ಸಂಬಳದ ಚೀಟಿಯಲ್ಲಿ ಕಡಿತ ಕಂಡಾಗಲೇ ಗೊತ್ತಾದದ್ದು. ಅದೇ ವರ್ಷ ಮಗಳ ಓದಿಗೆ ಸಾಲ ಕೇಳಲು ಹೋದರೆ, ಭಾವಮೈದುನನ ಬಾಕಿ ಇವರ ಕ್ರೆಡಿಟ್ ವರದಿಯಲ್ಲಿ ಕೂತಿತ್ತು. ಮೇಷ್ಟ್ರು ನನ್ನೆದುರು ಅಳಲಿಲ್ಲ. "ಇನ್ನು ಮೇಲೆ ಅವನ ಮನೆಗೆ ಹೋಗುವುದು ಹೇಗೆ, ಅವನು ನಮ್ಮ ಮನೆಗೆ ಬರುವುದು ಹೇಗೆ?" ಎಂದರು. ಅವರ ಹೆಂಡತಿ ಆ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋಗಲಿಲ್ಲ. ಕಾಯ್ದೆಯ ಯಾವ ಕಲಮೂ ಆ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ.

ನನ್ನ ನಿಜವಾದ ಸಿಟ್ಟು ಇರುವುದು ಸಾಲ ಕೊಡುವವರ ಮೇಲೆ. ಅಡ್ಡರಸ್ತೆಯಲ್ಲಿ ಬಟ್ಟೆ ಅಂಗಡಿ ನಡೆಯುತ್ತದೆಯೇ ಎಂದು ಪರಿಶೀಲಿಸುವುದು ಅವರ ಕೆಲಸ. ಸರ್ಕಾರಿ ಸಂಬಳದವನೊಬ್ಬನ ಸಹಿ ಸಿಕ್ಕರೆ ಆ ಪರಿಶೀಲನೆಯೇ ಬೇಡವಾಗುತ್ತದೆ. ವ್ಯಾಪಾರದ ನಷ್ಟವನ್ನು ವ್ಯಾಪಾರವನ್ನೇ ಮಾಡದ ಮೇಷ್ಟ್ರು, ಗುಮಾಸ್ತ, ಬಸ್ ಚಾಲಕ ಹೊರುತ್ತಾರೆ. ಬಡ್ಡಿ ಸಂಘಕ್ಕೆ, ಲಾಭ ಬಂದಿದ್ದರೆ ಅಂಗಡಿಯವನಿಗೆ, ನಷ್ಟ ಮಾತ್ರ ಮೂರನೆಯವನಿಗೆ.

ಪರಸ್ಪರ ಹೊಣೆ ನಮಗೆ ಹೊಸದಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಲ್ಲಿ, 1904ರ ಕಾಯ್ದೆಯಂತೆ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಆದರೆ ಒಂದೇ ಊರಿನ ಸಂಘದಲ್ಲಿ ಯಾರ ಹೊಲ ಎಷ್ಟು, ಈ ವರ್ಷ ಬೆಳೆ ಹೇಗಿದೆ ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಯಾರಿಗೆ ಎಷ್ಟು ಸಾಲ ಎಂಬುದರಲ್ಲಿ ಸದಸ್ಯನಿಗೆ ದನಿಯೂ ಇತ್ತು. ಇಂದಿನ ಜಾಮೀನುದಾರನಿಗೆ ಹೊಣೆ ಪೂರ್ತಿ, ದನಿ ಇಲ್ಲ. ಮೂರು ಕಂತು ಬಾಕಿ ಬಿದ್ದಾಗಲೂ ಎಷ್ಟೋ ಕಡೆ ಅವನಿಗೆ ಒಂದು ಫೋನ್ ಕೂಡ ಬರುವುದಿಲ್ಲ.

ಸಣ್ಣ ಉದ್ಯಮಿಗಳಿಗೆ ಅಡಮಾನವಾಗಲಿ ಮೂರನೆಯವರ ಜಾಮೀನಾಗಲಿ ಇಲ್ಲದೆ ಸಾಲ ಸಿಗಲಿ ಎಂದೇ 2000ದಲ್ಲಿ ಸಾಲ ಖಾತರಿ ಟ್ರಸ್ಟ್ ಸ್ಥಾಪನೆಯಾಯಿತು. 2015ರಿಂದ ಮುದ್ರಾ ಯೋಜನೆಯೂ ಇದೆ. ಭಾವಮೈದುನ ಬಂದು ಕೇಳಿದಾಗ ಮೊದಲು ಅವನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ, ಈ ಸಾಲಕ್ಕೆ ಆ ಖಾತರಿ ಅನ್ವಯಿಸುವುದಿಲ್ಲವೇ ಎಂದು ಲಿಖಿತವಾಗಿ ಕೇಳಿಸಿ. ಎಲ್ಲ ಸಾಲಕ್ಕೂ ಅನ್ವಯಿಸದು, ಆದರೆ ಕೇಳದವರಿಗೆ ತಾವಾಗಿ ಹೇಳುವವರು ಕಡಿಮೆ.

ಹಾಕಲೇಬೇಕಾದ ಸಂದರ್ಭಗಳು ಇವೆ, ಒಪ್ಪುತ್ತೇನೆ. ತಮ್ಮ ಕೈ ಹಿಡಿದು ಕೇಳಿದಾಗ ಇಲ್ಲ ಎನ್ನುವುದು ಸುಲಭವಲ್ಲ. ಹಾಗಾದರೆ ಖಾಲಿ ಬಿಟ್ಟ ಜಾಗಗಳಿರುವ ನಮೂನೆಗೆ ಸಹಿ ಹಾಕಬೇಡಿ, ಮೊತ್ತದ ಮಿತಿ ಬರೆಸಿ, ಪ್ರತಿ ಪಡೆಯಿರಿ. ಭದ್ರತೆಗೆ ಎಂದು ಖಾಲಿ ಚೆಕ್ ಕೊಡಬೇಡಿ. ಜಾಮೀನುದಾರ ಕೊಟ್ಟ ಚೆಕ್ ವಾಪಸಾದರೂ ಕ್ರಿಮಿನಲ್ ಪ್ರಕರಣ ನಿಲ್ಲುತ್ತದೆ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವರ್ಷ ವರ್ಷ ನವೀಕರಿಸುವ ಓವರ್‌ಡ್ರಾಫ್ಟ್ ಖಾತೆಗೆ ಜಾಮೀನು ಹಾಕಿದ್ದರೆ, ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸ್ ಕೊಟ್ಟು ಹಿಂದೆ ಸರಿಯಲು ಕರಾರು ಕಾಯ್ದೆಯ 130ನೇ ಕಲಮಿನಲ್ಲಿ ಅವಕಾಶವಿದೆ. ಆ ದಿನದವರೆಗಿನ ಬಾಕಿಯ ಹೊಣೆ ಉಳಿಯುತ್ತದೆ.

ಈಗಾಗಲೇ ನೋಟಿಸ್ ಬಂದಿದ್ದರೆ ದಯವಿಟ್ಟು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಕೂರಬೇಡಿ. ಗೈರುಹಾಜರಾದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಕಟ್ಟುವುದೇ ಆದರೆ ನಿಮ್ಮ ಹೆಸರಿನಲ್ಲೇ ರಸೀದಿ ಪಡೆಯಿರಿ, ಹಣವನ್ನು ಸಾಲಗಾರನ ಕೈಗೆ ಕೊಟ್ಟು ಕಟ್ಟಿಸಬೇಡಿ. ಪೂರ್ತಿ ಕಟ್ಟಿದ ಮೇಲೆ ಬ್ಯಾಂಕಿಗೆ ಸಾಲಗಾರನ ಮೇಲಿದ್ದ ಹಕ್ಕು ನಿಮ್ಮದಾಗುತ್ತದೆ, ಅವನು ಅಡವಿಟ್ಟ ಆಸ್ತಿಯ ಮೇಲಿನ ಹಕ್ಕೂ ಸೇರಿ. ಮೇಷ್ಟ್ರ ಬಳಿ ರಸೀದಿಗಳಿದ್ದವು, ಭಾವಮೈದುನನ ಸೈಟೂ ಇತ್ತು. ಅವನ ಮೇಲೆ ದಾವೆ ಹೂಡೋಣ ಎಂದು ವಕಾಲತ್ತು ಸಿದ್ಧಪಡಿಸಿದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೋದವರು ಇನ್ನೂ ಬಂದಿಲ್ಲ, ದಾವೆ ಹೂಡುವ ಕಾಲಮಿತಿ ಮೂರು ವರ್ಷ.