ಅವರ ಬೀರು ಒಂದು ಚೀಲ

ಮಹಾಲಯ ಅಮಾವಾಸ್ಯೆ ಹತ್ತಿರ ಬಂದರೆ, ಮನೆಯಿಲ್ಲದವರು ರಾತ್ರಿ ಮಲಗುವ ನಮ್ಮ ಶೆಲ್ಟರ್ ಬಾಗಿಲಿಗೆ ಬಟ್ಟೆಯ ಮೂಟೆಗಳು ಬರುತ್ತವೆ. ಹಿರಿಯರ ಹೆಸರಲ್ಲಿ ಏನಾದರೂ ಕೊಡಬೇಕು ಅಂತ ಜನ ದೂರದಿಂದ ಆಟೋ ಮಾಡಿಕೊಂಡು ಬರುತ್ತಾರೆ. ಅವರ ಮನಸ್ಸಿನ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಮೂಟೆ ಬಿಚ್ಚಿದರೆ ಮದುವೆಗೆ ಹೊಲಿಸಿದ ಕೋಟು, ಜಿಪ್ ಕಿತ್ತುಹೋದ ಪ್ಯಾಂಟು, ಎರಡು ವರ್ಷದ ಮಗುವಿನ ಫ್ರಾಕು. ನಮ್ಮದು ಗಂಡಸರ ಶೆಲ್ಟರ್. ಅದನ್ನೆಲ್ಲ ಬೇರೆ ಮಾಡಲು ನಮ್ಮ ಇಬ್ಬರು ಕೇರ್‌ಟೇಕರ್‌ಗಳಿಗೆ ಎರಡು ದಿನ ಹಿಡಿಯುತ್ತದೆ. ಅಷ್ಟು ಹೊತ್ತನ್ನು ಅವರು ಯಾರದೋ ಆಧಾರ್ ಮಾಡಿಸಲು, ಯಾರನ್ನೋ ವಿಕ್ಟೋರಿಯಾ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಳಸಬಹುದಿತ್ತು.

ಬೆಂಗಳೂರಿನ ಶೆಲ್ಟರ್‌ಗಳಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಹೆಂಗಸರ ಶೆಲ್ಟರ್, ಈಗ ಮಾರುಕಟ್ಟೆ ಹತ್ತಿರ ಗಂಡಸರದ್ದು. ಇಲ್ಲಿ ಮಲಗುವವರಲ್ಲಿ ಜಾಸ್ತಿ ಜನ ದುಡಿಯುವವರು. ಮೂಟೆ ಹೊರುವವರು, ಛತ್ರದಲ್ಲಿ ಪಾತ್ರೆ ತೊಳೆಯುವವರು, ರಾಯಚೂರು, ಯಾದಗಿರಿ ಕಡೆಯಿಂದ ಬಂದ ಗಾರೆ ಕೆಲಸದವರು. ಬೆಳಿಗ್ಗೆ ಐದಕ್ಕೆಲ್ಲ ಎದ್ದು ಹೊರಡುತ್ತಾರೆ.

ಕೊಡುವವರು ಎಡವುವುದು ಒಂದೇ ಕಡೆ. ಏನು ಕೊಡಬೇಕು ಅಂತ ಯೋಚಿಸುತ್ತಾರೆ. ಅದನ್ನು ತೆಗೆದುಕೊಂಡವರು ಎಲ್ಲಿ ಇಟ್ಟುಕೊಳ್ಳುತ್ತಾರೆ ಅಂತ ಯೋಚಿಸುವುದಿಲ್ಲ. 2024ರಲ್ಲಿ ಮುಗಿದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಯೋಜನೆಯ ನಿಯಮದಲ್ಲಿ ಶೆಲ್ಟರ್‌ನಲ್ಲಿ ಒಬ್ಬ ಮನುಷ್ಯನಿಗೆ ಕನಿಷ್ಠ 50 ಚದರ ಅಡಿ ಜಾಗ ಇರಬೇಕು ಅಂತ ಇತ್ತು. ಮಂಚ, ಓಡಾಡುವ ದಾರಿ, ಎಲ್ಲ ಅದರಲ್ಲೇ ಬರಬೇಕು. ಬೀರು ಇಡಲು ಎಲ್ಲಿದೆ ಜಾಗ? ನಮ್ಮಲ್ಲಿ ಗೋಡೆಗೆ ಚಿಕ್ಕ ಲಾಕರ್‌ಗಳಿವೆ. ಅದರಲ್ಲಿ ಒಂದು ಚೀಲ ಹಿಡಿದರೆ ಹೆಚ್ಚು. ಆ ಚೀಲದಲ್ಲಿ ಎರಡು ಜೊತೆ ಬಟ್ಟೆ, ಟವೆಲ್, ಫೋನ್ ಚಾರ್ಜರ್, ಆಧಾರ್ ಕಾರ್ಡು, ಆಸ್ಪತ್ರೆ ಚೀಟಿ, ಕೆಲವರದ್ದರಲ್ಲಿ ಮಗಳ ಫೋಟೋ. ಮೂರನೇ ಶರ್ಟು ಕೊಟ್ಟರೆ ಅದು ಸಂಪತ್ತಲ್ಲ, ಹೊರೆ. ಹತ್ತು ಶರ್ಟು ಕೊಟ್ಟರೆ ಎಂಟನ್ನು ಬಿಟ್ಟುಹೋಗುತ್ತಾರೆ. ಅದನ್ನು ನೋಡಿ 'ಕೊಟ್ಟಿದ್ದಕ್ಕೆ ಬೆಲೆಯೇ ಇಲ್ಲ' ಅಂದವರಿದ್ದಾರೆ. ಆ ಮಾತು ಕೇಳಿದಾಗ ನನಗೆ ತುಂಬಾ ನೋವಾಗುತ್ತದೆ. ನೀವು ಊರೂರು ಸುತ್ತುವಾಗ ಎಷ್ಟು ಬಟ್ಟೆ ಹೊರುತ್ತೀರಿ? ಅವರದ್ದು ದಿನವೂ ಪ್ರಯಾಣವೇ.

ಹೆಂಗಸರ ಶೆಲ್ಟರ್‌ನಲ್ಲಿದ್ದಾಗ ಒಬ್ಬ ಅಜ್ಜಿಗೆ ಯಾರೋ ಅಗಲ ಜರಿಯ ರೇಷ್ಮೆ ಸೀರೆ ಕೊಟ್ಟರು. ಅಜ್ಜಿಗೆ ತುಂಬಾ ಖುಷಿಯಾಯಿತು. ಆಮೇಲೆ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಸೀರೆಯನ್ನು ಮಡಿಲಲ್ಲಿಟ್ಟು, ಅದರ ಮೇಲೆ ಕೈ ಇಟ್ಟು ಕೂತಿರುತ್ತಿದ್ದರು. ನಾಲ್ಕನೇ ದಿನ ನನ್ನ ಕೈಗೆ ಕೊಟ್ಟು, 'ಇದನ್ನ ನೀನೇ ಇಟ್ಕೋ ಮಗಳೇ, ನಂಗೊಂದು ಒಳಲಂಗ ಕೊಡ್ಸು' ಅಂದರು. ಅವರ ಹತ್ತಿರ ಇದ್ದ ಒಂದೇ ಲಂಗದ ಲಾಡಿ ಮೂರು ಕಡೆ ಗಂಟು ಬಿದ್ದಿತ್ತು.

ಒಳಉಡುಪು ನಮಗೆ ಯಾವಾಗಲೂ ಕಡಿಮೆ ಬೀಳುತ್ತದೆ. ಹಳೆಯದನ್ನು ಕೊಡಲು ಆಗುವುದಿಲ್ಲ, ಹೊಸದನ್ನು ಕೊಂಡು ಕೊಡಲು ಜನಕ್ಕೆ ಸಂಕೋಚ. ದಯವಿಟ್ಟು ಸಂಕೋಚ ಬಿಡಿ. ಬನಿಯನ್, ಚಡ್ಡಿ, ಲಂಗ, ಒಳ್ಳೆಯ ಸ್ಯಾನಿಟರಿ ಪ್ಯಾಡ್, ಇವು ಮೂಟೆ ಮೂಟೆ ಹಳೆ ಬಟ್ಟೆಗಿಂತ ಉಪಯೋಗ. ಲುಂಗಿಯೂ ಅಷ್ಟೇ. ಉಡಬಹುದು, ಹೊದೆಯಬಹುದು, ಸ್ನಾನಕ್ಕೆ ಬಳಸಬಹುದು, ಮಡಚಿದರೆ ಅಂಗೈ ಅಗಲ.

ಕಂಬಳಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಚಳಿಗಾಲದಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ದಪ್ಪ ರಗ್ಗು. ಅದನ್ನು ಒಗೆಯುವುದು ಕಷ್ಟ, ಒಣಗಿಸುವುದು ಇನ್ನೂ ಕಷ್ಟ. ಶೆಲ್ಟರ್‌ಗಳಲ್ಲಿ ಕಜ್ಜಿ ಸುಲಭವಾಗಿ ಹರಡುತ್ತದೆ. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಅಷ್ಟರಲ್ಲಿ ಪಕ್ಕದವರಿಗೂ ಹತ್ತಿರುತ್ತದೆ. ಡಾಕ್ಟರು ಮುಲಾಮು ಕೊಟ್ಟ ದಿನವೇ ಹೊದಿಕೆ, ಬಟ್ಟೆ ಎಲ್ಲವನ್ನೂ ಬಿಸಿನೀರಲ್ಲಿ ಒಗೆದು ಚೆನ್ನಾಗಿ ಒಣಗಿಸಬೇಕು. ಒಗೆಯಲು ಆಗದ್ದನ್ನು ಕವರ್‌ನಲ್ಲಿ ಗಾಳಿಯಾಡದಂತೆ ಕಟ್ಟಿ ಕೆಲವು ದಿನ ದೂರ ಇಡಬೇಕು. ಮನುಷ್ಯನ ಮೈ ಬಿಟ್ಟರೆ ಕಜ್ಜಿ ತರುವ ಹುಳ ಸಾಮಾನ್ಯವಾಗಿ 2–3 ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಈಗ ನೀವೇ ಯೋಚಿಸಿ. ನಲವತ್ತು ದಪ್ಪ ರಗ್ಗುಗಳನ್ನು ಮಳೆಗಾಲದ ಬೆಂಗಳೂರಿನಲ್ಲಿ ಎಲ್ಲಿ ಒಣಗಿಸೋಣ? ಎರಡು ತೆಳು ಹತ್ತಿ ಚಾದರ ಕೊಡಿ. ಒಂದು ಹೊದಿಕೆ, ಒಂದು ಒಗೆತಕ್ಕೆ. ಬೇರೆ ಶೆಲ್ಟರ್‌ಗಳಲ್ಲಿ ಒಗೆಯುವ ಯಂತ್ರ ಇರಬಹುದು, ಅಲ್ಲಿ ರಗ್ಗು ಬೇಕಾಗಿರಲೂಬಹುದು. ಅದಕ್ಕೇ ಕೊಡುವ ಮೊದಲು ಫೋನ್ ಮಾಡಿ ಕೇಳಿ.

ಮನೆಯಲ್ಲಿ ಉಳಿದ ಮಾತ್ರೆ ಮಾತ್ರ ತರಬೇಡಿ. ಯಾರಿಗೆ ಯಾವುದು ಒಗ್ಗುತ್ತದೆ ಅಂತ ಡಾಕ್ಟರೇ ನೋಡಿ ಹೇಳಬೇಕು.

ಊಟದ ವಿಷಯ ನಾಜೂಕು. ಅನ್ನದಾನ ದೊಡ್ಡದು ಅಂತ ನಾನೂ ನಂಬಿದವಳೇ. ಆದರೆ ಅಮಾವಾಸ್ಯೆ ದಿನ ಮಧ್ಯಾಹ್ನ ನಾಲ್ಕು ಕಡೆಯಿಂದ ಪುಳಿಯೋಗರೆ, ಪಾಯಸ ಬರುತ್ತದೆ. ಆ ಹೊತ್ತಲ್ಲಿ ಶೆಲ್ಟರ್‌ನಲ್ಲಿ ಇರುವುದು ಆರು ಜನ. ಉಳಿದವರು ಕೆಲಸದಲ್ಲಿದ್ದಾರೆ. ರಾತ್ರಿ ಅವರು ಬರುವಷ್ಟರಲ್ಲಿ ಅನ್ನ ಹಳಸಿರುತ್ತದೆ. ಆರು ಜನರಲ್ಲಿ ಮೂವರಿಗೆ ಸಕ್ಕರೆ ಕಾಯಿಲೆ. ಮಾರನೇ ದಿನ, ಅದರ ಮಾರನೇ ದಿನ, ಯಾರೂ ಇಲ್ಲ. ಅದೇ ದುಡ್ಡಲ್ಲಿ ಒಂದು ಮಂಗಳವಾರ ರಾತ್ರಿ ಎಂಟಕ್ಕೆ ಬಿಸಿ ಮುದ್ದೆ ಸಾರು ಕೊಟ್ಟು ನೋಡಿ. ಅವರ ಮುಖ ನೋಡಲು ನೀವೂ ಅಲ್ಲೇ ಇರಿ, ಅವರ ಜೊತೆ ಕೂತು ಊಟ ಮಾಡಿ. ಫೋಟೋ ಬೇಡ. ಊರಲ್ಲಿ 'ಬೆಂಗಳೂರಲ್ಲಿ ರೂಮ್ ಮಾಡಿದೀನಿ' ಅಂತ ಹೇಳಿರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಫೋಟೋ ಊರಿಗೆ ತಲುಪಲು ಒಂದು ದಿನ ಸಾಕು.

ಹೋದ ವರ್ಷ ಮಾನ್ವಿ ಕಡೆಯ ಗಾರೆ ಕೆಲಸದವರೊಬ್ಬರನ್ನು, ಏನು ಬೇಕು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ 'ಒಂದು ಬೀಗ' ಅಂದರು. ಅವರ ಲಾಕರ್‌ಗೆ ಬೀಗ ಇರಲಿಲ್ಲ. ಕೂಲಿ ದುಡ್ಡು ಕಳೆದೀತು ಅಂತ ಸೊಂಟಕ್ಕೆ ಕಟ್ಟಿಕೊಂಡೇ ಕಟ್ಟಡದ ಮೇಲೆ ಹತ್ತುತ್ತಿದ್ದರು, ಅದನ್ನು ಕಟ್ಟಿಕೊಂಡೇ ಮಲಗುತ್ತಿದ್ದರು. ಅಷ್ಟು ದಿನ ನನಗೂ ಅದು ಹೊಳೆದಿರಲಿಲ್ಲ. ನಾವೇ ಕೇಳಿರಲಿಲ್ಲ. ಅವತ್ತಿನಿಂದ ಒಂದು ಪುಸ್ತಕ ಇಟ್ಟಿದ್ದೇವೆ. ಯಾರಿಗೆ ಏನು ಬೇಕೋ ಅದರಲ್ಲಿ ಬರೆಸುತ್ತಾರೆ. ಫೋನ್ ಮಾಡಿದವರಿಗೆ ಅದನ್ನೇ ಓದಿ ಹೇಳುತ್ತೇವೆ.

ಈ ವಾರದ ಪುಟದಲ್ಲಿ ಇರುವುದು ಇಷ್ಟು: ಎರಡು ಕೀಲಿ ಇರುವ ಚಿಕ್ಕ ಬೀಗ ಹನ್ನೊಂದು. 9 ನಂಬರ್ ರಬ್ಬರ್ ಚಪ್ಪಲಿ ಆರು ಜೊತೆ. ಕಾಗದಪತ್ರ ಮಳೆಗೆ ನೆನೆಯದಂತೆ ಇಡಲು ಜಿಪ್ ಇರುವ ಪ್ಲಾಸ್ಟಿಕ್ ಕವರ್. ಕೊನೆಯ ಸಾಲಲ್ಲಿ, ಛತ್ರದಲ್ಲಿ ಪಾತ್ರೆ ತೊಳೆಯುವ ತಾತ ಕೈ ತೇವದಿಂದ ಬಿರಿದಿದೆ ಅಂತ ಬರೆಸಿದ್ದಾರೆ. ಅವರಿಗೆ ಒಂದು ಜೊತೆ ರಬ್ಬರ್ ಗ್ಲೌಸ್ ಬೇಕು.