ನೀರಿನ ಹಿಡಿತದಿಂದ ಎಲೆಕ್ಟ್ರಾನ್ ಬಿಡಿಸಲು ಎಷ್ಟು ಶಕ್ತಿ ಬೇಕು?

ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವೇಗವರ್ಧಕದಿಂದ 7 ಎಂಇವಿ (70 ಲಕ್ಷ ಎಲೆಕ್ಟ್ರಾನ್ ವೋಲ್ಟ್; ಇದು ಶಕ್ತಿಯ ಮಾನ) ಎಲೆಕ್ಟ್ರಾನ್‌ಗಳ ಮಿಡಿತ ನೀರಿಗೆ ಬಿದ್ದರೆ, ಅಣುಗಳಿಂದ ಕಿತ್ತುಬಂದ ಎಲೆಕ್ಟ್ರಾನ್‌ಗಳು ನೀರಿನ ಅಣುಗಳ ನಡುವೆಯೇ ಗೂಡು ಮಾಡಿಕೊಳ್ಳುತ್ತವೆ. ಕರಗಿದ ಆಮ್ಲಜನಕ ಸುಮಾರು 200 ನ್ಯಾನೋಸೆಕೆಂಡಿನಲ್ಲೇ ಅವನ್ನು ಕಬಳಿಸುತ್ತದೆ, ಅದಕ್ಕೇ ಮೊದಲು ಸಾರಜನಕ ಹಾಯಿಸಿ ಅದನ್ನು ಹೊರದೂಡಬೇಕು. ವಿಜ್ಞಾನಿಗಳಾದ ಹಾರ್ಟ್ ಮತ್ತು ಬೋಗ್ 1962ರಲ್ಲಿ ಈ ಎಲೆಕ್ಟ್ರಾನನ್ನು ಗುರುತಿಸಿದ್ದು 720 ನ್ಯಾನೋಮೀಟರ್ ಸುತ್ತಿನ ಕೆಂಪು ಬೆಳಕನ್ನು ಅದು ಹೀರುವುದರಿಂದ. ಅಂದರೆ 1.7 ಎಲೆಕ್ಟ್ರಾನ್ ವೋಲ್ಟ್. ಇದು ಗೂಡಿನೊಳಗಿನ ಮೆಟ್ಟಿಲಷ್ಟೇ. ನಿರ್ವಾತಕ್ಕೆ ಎಳೆದುಹಾಕುವ ಲೆಕ್ಕವೇ ಬೇರೆ.

ಆ ಲೆಕ್ಕಕ್ಕೆ ನೀರನ್ನೇ ನಿರ್ವಾತದೊಳಗೆ ಹಾಯಿಸಬೇಕು. 20 ಮೈಕ್ರಾನ್ ನಳಿಕೆಯಿಂದ ನಿಮಿಷಕ್ಕೆ ಅರ್ಧ ಮಿಲಿಲೀಟರ್ ಬಿಟ್ಟರೆ ನೀರಿನ ಎಳೆ ಸೆಕೆಂಡಿಗೆ ಸುಮಾರು 26 ಮೀಟರ್ ವೇಗದಲ್ಲಿ ಹೊರಡುತ್ತದೆ. ಹೆಚ್ಚುಕಮ್ಮಿ ನಮ್ಮ ಮುಂಬಯಿಯ ಫಾಸ್ಟ್ ಲೋಕಲ್ ರೈಲಿನ ಓಟ. ಎಳೆ ಹನಿಯಾಗಿ ಒಡೆಯುವ ಮುಂಚೆಯೇ, ನಳಿಕೆಯ ಹತ್ತಿರ, ಲೇಸರ್ ತಾಗಬೇಕು. ದ್ರವ ಸಾರಜನಕದಿಂದ ತಣಿಸಿದ ಬಲೆ ಆ ನೀರನ್ನು ಮಂಜುಗಡ್ಡೆಯಾಗಿ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಬಲೆ ಪೂರ್ತಿ ಬೆಚ್ಚಗಾಗದೆ ನಿರ್ವಾತದ ಕೊಠಡಿ ತೆರೆದರೆ ಇಲ್ಲಿನ ತೇವದ ಗಾಳಿ ಒಳಗೆಲ್ಲ ಹಿಮವಾಗಿ ಕೂರುತ್ತದೆ. ಒಂದು ಧೂಳಿನ ಕಣ ಸಾಕು, ನಳಿಕೆ ಕಟ್ಟಿಕೊಳ್ಳಲು. ಆದ್ದರಿಂದ ನೀರನ್ನು ಸೋಸಿಯೇ ಪಂಪಿಗೆ ಕೊಡಬೇಕು.

ಶುದ್ಧ ನೀರಿನದು ಇನ್ನೊಂದು ಕಾಟ. ನಳಿಕೆಗೆ ಉಜ್ಜಿಕೊಂಡು ಹರಿಯುವಾಗ ಎಳೆಗೆ ವಿದ್ಯುದಾವೇಶ ಹತ್ತಿ, ಅಳತೆಯೇ ಜರುಗುತ್ತದೆ. ಲೀಟರಿಗೆ ಸುಮಾರು 1.75 ಗ್ರಾಂ ಉಪ್ಪು ಸೇರಿಸಿದರೆ ಇದು ಬಹುಪಾಲು ತಗ್ಗುತ್ತದೆ.

ನೀರಿನಲ್ಲಿ ಅಯೋಡೈಡ್ (ಅಯೋಡಿನ್ನಿನ ಋಣ ಅಯಾನು) ಬೆರೆಸಿದ್ದರೆ ಮೊದಲ ಅತಿನೇರಳೆ ಮಿಡಿತ ಅದರಿಂದ ಎಲೆಕ್ಟ್ರಾನ್ ಬಿಡಿಸುತ್ತದೆ. ಕೆಲವು ಪಿಕೋಸೆಕೆಂಡ್ ಅದು ನೆಲೆನಿಲ್ಲಲು ಬಿಟ್ಟು, ಎರಡನೆಯ ಮಿಡಿತದಿಂದ ಹೊರಗೆಳೆಯಬೇಕು. 267 ನ್ಯಾನೋಮೀಟರ್ ಬೆಳಕಿನ ಶಕ್ತಿ 4.64 ಎಲೆಕ್ಟ್ರಾನ್ ವೋಲ್ಟ್. ಹೊರಬಂದ ಎಲೆಕ್ಟ್ರಾನಿನ ಚಲನಶಕ್ತಿಯನ್ನು ಅದರಿಂದ ಕಳೆದರೆ ಉಳಿದದ್ದು ಬಂಧಕ ಶಕ್ತಿ, ಅಂದರೆ ನೀರಿನ ಹಿಡಿತ ಬಿಡಿಸಲು ಬೇಕಾದಷ್ಟು. ಚಲನಶಕ್ತಿ ತಿಳಿಯುವುದು ಹಾರಾಟದ ಸಮಯದಿಂದ: ಅದು 0.94 ಎಲೆಕ್ಟ್ರಾನ್ ವೋಲ್ಟ್ ಆಗಿದ್ದರೆ ಒಂದು ಮೀಟರ್ ದಾರಿಗೆ ಸುಮಾರು 1.7 ಮೈಕ್ರೋಸೆಕೆಂಡ್.

ಕಳೆಯುವ ಲೆಕ್ಕ ಸುಲಭ, ನಂಬುವುದು ಕಷ್ಟ. 2010ರಲ್ಲಿ ಬೇರೆ ಬೇರೆ ತಂಡಗಳಿಗೆ ಸಿಕ್ಕಿದ್ದು 3.3ರಿಂದ 3.6 ಎಲೆಕ್ಟ್ರಾನ್ ವೋಲ್ಟ್‌ವರೆಗೆ. ಎಲೆಕ್ಟ್ರಾನ್ ಮೇಲ್ಮೈ ತಲುಪುವ ಮೊದಲು ನೀರಿನ ಅಣುಗಳಿಗೆ ಡಿಕ್ಕಿ ಹೊಡೆದು ಶಕ್ತಿ ಸೋರಿಸಿಕೊಳ್ಳುತ್ತದೆ. ತೀರಾ ನಿಧಾನವಾದವು ಹೊರಗೇ ಬರುವುದಿಲ್ಲ. ಹಾಗಾಗಿ ಚಲನಶಕ್ತಿಯ ನಕ್ಷೆಯಲ್ಲಿ ಕಾಣುವ ಶಿಖರ ಹುಟ್ಟಿದ ಜಾಗದ ಚಿತ್ರವಲ್ಲ. ಈ ಚದುರಿಕೆಯನ್ನು ಗಣಿಸಿ ತಿದ್ದಿದ ಮೇಲೆ ಉತ್ತರ 3.7ರ ಆಸುಪಾಸಿಗೆ ಬಂತು. ಬೆಳಕಿನ ಬಣ್ಣ ಬದಲಿಸಿ ಮತ್ತೆ ಅಳೆಯಿರಿ: ಬಂಧಕ ಶಕ್ತಿ ಜರುಗಿದರೆ ತಿದ್ದುಪಡಿ ಇನ್ನೂ ಬಾಕಿ ಇದೆ.